ಮೀಟರ್ ಓಡಿಸಿದ್ದು ಯಾರು?

"ಮನೆಯೊಳಗೇ ಕಳ್ಳರಿದ್ದಾರೆ," ಎಂದರು ಭಾವ.

ಎಂದು ಸುಮ್ಮನಾಗಲಿಲ್ಲ. ಕೈಯಲ್ಲಿದ್ದ ಕರೆಂಟ್ ಬಿಲ್ಲನ್ನು ತಂದು ಟೈಲರಮ್ಮನ ಹೊಲಿಗೆ ಮೆಷಿನ್ನಿನ ಸೂಜಿಯ ಕೆಳಗೇ ಇಟ್ಟರು. ಹೊಲಿಯುತ್ತಿದ್ದ ಕೈ ಗಕ್ಕನೆ ನಿಂತಿತು. ಇನ್ನೊಂದು ಗಳಿಗೆ ತಡವಾಗಿದ್ದರೆ ಬಿಲ್ಲಿಗೂ ಒಂದು ಹೊಲಿಗೆ ಬೀಳುತ್ತಿತ್ತು.

"ಓದಮ್ಮ. ಎರಡು ತಿಂಗಳಿಂದ ಹೀಗೇ. ಮೊದಲಿನದಕ್ಕೆ ಹತ್ತಿರಹತ್ತಿರ ದುಪ್ಪಟ್ಟು. ಎರಡು ತಿಂಗಳ ಹಿಂದೆ ಈ ಮನೆಗೆ ಹೊಸದಾಗಿ ಬಂದಿದ್ದು ಏನು?"

ಬಂದಿದ್ದು ಈ ಮೆಷಿನ್ನೇ.

ಟೈಲರಮ್ಮ ಎಂದರೆ ಆ ಮನೆಯ ಸೊಸೆ. ಬೀದಿಯವರೆಲ್ಲ ಹಾಗೇ ಕರೆಯುತ್ತಾರೆ, ನಾವೂ ಹಾಗೇ ಕರೆಯೋಣ. ಕಾಲಲ್ಲಿ ತುಳಿಯುವ ಮೆಷಿನ್ನಿನಲ್ಲಿ ವರ್ಷಗಟ್ಟಲೆ ಹೊಲಿದು, ಮಂಡಿ ಸವೆಸಿಕೊಂಡು, ಕೂಡಿಟ್ಟು ಕೊಂಡ ಕರೆಂಟ್ ಮೆಷಿನ್ನು ಅದು. ಅದರಿಂದಲೇ ಆಸ್ಪತ್ರೆಯ ದಾದಿಯರ ಸಮವಸ್ತ್ರ ಹೊಲಿಯುವ ಕೆಲಸ ಅವಳಿಗೆ ಸಿಕ್ಕಿತ್ತು. ಮೆಷಿನ್ ಹೋದರೆ ಆ ಕೆಲಸವೂ ಹೋದಂತೆ.

ಭಾವ ಎಂದರೆ ಗಂಡನ ಅಣ್ಣ. ಮದುವೆಯ ಗೋಜಿಗೆ ಹೋಗದವರು. ದೊಡ್ಡ ಗೋದಾಮೊಂದರ ಮೇಲ್ವಿಚಾರಕರು. ಅಲ್ಲಿ ಸಾಲುಸಾಲು ಬಾಗಿಲುಗಳ ಬೀಗ ಮುಟ್ಟಿ ಮುಟ್ಟಿ ನೋಡುವ ಅಭ್ಯಾಸ ಮನೆಗೂ ಅಂಟಿಕೊಂಡು ಬಂದಿತ್ತು. ಕೆಲಸಕ್ಕೆ ಹೊರಡುವ ಮುನ್ನ ಒಮ್ಮೆ, ಮಲಗುವ ಮುನ್ನ ಒಮ್ಮೆ ಮನೆಯ ಎಲ್ಲ ಸ್ವಿಚ್ಚುಗಳ ಮೇಲೂ ಬೆರಳಾಡಿಸಿಕೊಂಡು ಬರುತ್ತಿದ್ದರು. ಖಾಲಿ ಕೋಣೆಯಲ್ಲಿ ಉರಿಯುತ್ತಿರುವ ದೀಪ ಕಂಡರೆ ಮನೆಯವರನ್ನೆಲ್ಲ ಕರೆದು ತೋರಿಸುತ್ತಿದ್ದರು.

"ಭಾನುವಾರ ಒಬ್ಬ ಗಿರಾಕಿ ಬರ್ತಾನೆ," ಎಂದರು. "ಮೆಷಿನ್ ನೋಡೋಕೆ. ಒಳ್ಳೆ ಬೆಲೆ ಕೊಡ್ತಾನಂತೆ."

"ಮೆಷಿನ್ ನಂದು ಭಾವ."

"ಮೀಟರ್ ನನ್ನ ಹೆಸರಲ್ಲಿದೆ."

ಅವಳ ಗಂಡ ಬಾಗಿಲಲ್ಲೇ ನಿಂತಿದ್ದ. ಆ್ಯಂಬುಲೆನ್ಸ್ ಓಡಿಸುವವನು. ಊರಲ್ಲಿ ಎಂಥ ಗದ್ದಲದ ನಡುವೆಯೂ ಗಾಡಿ ನುಗ್ಗಿಸುತ್ತಾನೆ, ಅಣ್ಣನ ಎದುರು ಮಾತ್ರ ಬಾಯಿಗೆ ಬೀಗ. ಟೈಲರಮ್ಮ ಅವನನ್ನೊಮ್ಮೆ ನೋಡಿದಳು. ಅವನು ಚಪ್ಪಲಿ ನೋಡಿಕೊಂಡ. ಇದು ತಾನೇ ನಿಭಾಯಿಸಬೇಕಾದ ಕೆಲಸ ಎಂದು ಅವಳಿಗೆ ಆಗಲೇ ಗೊತ್ತಾಯಿತು.

"ಸರಿ ಭಾವ," ಎಂದಳು. "ಭಾನುವಾರದ ತನಕ ಟೈಮ್ ಕೊಡಿ. ಕಳ್ಳ ಯಾರು ಅಂತ ನಾನೇ ಹಿಡಿದುಕೊಡ್ತೀನಿ. ಮೆಷಿನ್ನೇ ಆಗಿದ್ರೆ ನಾನೇ ಹೊತ್ತು ಗಾಡಿಗೆ ಹಾಕ್ತೀನಿ."

ಹೇಳಿದ್ದೇನೋ ಹೇಳಿದಳು. ಹಿಡಿಯುವುದು ಹೇಗೆಂದು ಅವಳಿಗೇ ಗೊತ್ತಿರಲಿಲ್ಲ.

ಮರುದಿನ ಮಿಕ್ಸಿ ರಿಪೇರಿ ಅಂಗಡಿಗೆ ಹೋಗಿ ಒಂದು ಅಳತೆ ಡಬ್ಬಿ ಕೇಳಿ ತಂದಳು. ಗೋಡೆಯ ಸಾಕೆಟ್ಟಿಗೆ ಡಬ್ಬಿ, ಡಬ್ಬಿಗೆ ಮೆಷಿನ್ನಿನ ಪ್ಲಗ್ಗು. ಎಷ್ಟು ಕರೆಂಟ್ ತಿಂದಿತು ಅನ್ನುವುದು ಡಬ್ಬಿಯ ಮುಖದ ಮೇಲೇ ಮೂಡುತ್ತದೆ. ದಿನವಿಡೀ ತಲೆ ಎತ್ತದೆ ಹೊಲಿದಳು. ಸಂಜೆ ನೋಡಿದರೆ ಒಂದು ಯೂನಿಟ್ಟೂ ಮುಟ್ಟಿರಲಿಲ್ಲ. ಬಿಲ್ಲಿನ ಪ್ರಕಾರ ದಿನಕ್ಕೆ ಎರಡು ಯೂನಿಟ್‌ಗೂ ಮೇಲೆ ಹೆಚ್ಚಾಗಿದೆ. ಉಳಿದದ್ದು ಯಾರ ಹೊಟ್ಟೆಗೆ ಹೋಯಿತು?

ಫ್ರಿಜ್ಜಿಗೆ ಡಬ್ಬಿ ಹಾಕಿದಳು. ತಿನ್ನುವುದು ಹೌದು, ಆದರೆ ಅದು ಮೊದಲಿನಿಂದಲೂ ಇದ್ದದ್ದೇ. ಟಿವಿಗೆ ಹಾಕಿದಳು, ಇಸ್ತ್ರಿ ಪೆಟ್ಟಿಗೆಗೆ ಹಾಕಿದಳು. ಯಾವುದೂ ಹೊಸದಾಗಿ ಕೆಟ್ಟಿರಲಿಲ್ಲ. ಆಮೇಲೆ ಮನುಷ್ಯರನ್ನು ಹಿಡಿದಳು.

"ರೀ, ಎರಡು ತಿಂಗಳಿಂದ ನೀವು ಹೊಸದಾಗಿ ಏನಾದ್ರೂ ಉಪಯೋಗಿಸ್ತಿದ್ದೀರಾ?"

"ನಾನಾ? ಮನೇಲಿ ನಾನಿರೋದೇ ಮಲಗೋಕೆ," ಎಂದ ಗಂಡ. ದನಿ ಇಳಿಸಿ, "ಪಕ್ಕದ ಮನೆ ಬಡಗಿ ಮೇಲೆ ನಂಗೆ ಡೌಟು ಕಣೇ. ಗರಗಸ ಕರೆಂಟಿನದ್ದು. ವೈರ್ ಎಳ್ಕೊಂಡಿದ್ರೆ?"

ಗೋಡೆಗುಂಟ ಇಂಚಿಂಚೂ ನೋಡಿ ಬಂದಳು. ಯಾವ ವೈರೂ ಇರಲಿಲ್ಲ. ಬಡಗಿ ಪಾಪ, ಏನಮ್ಮ ಹುಡುಕ್ತಿದ್ದೀರಿ ಎಂದು ತಾನೂ ಬಗ್ಗಿ ಹುಡುಕಿದ.

"ಅತ್ತೆ, ನಿಮಗೇನನ್ಸುತ್ತೆ?"

"ಮೀಟರ್‌ಗೇ ಹುಚ್ಚು ಹಿಡಿದಿದೆ," ಎಂದರು ಅತ್ತೆ. "ನಿಮ್ಮ ಭಾವನ ಕೈಗೆ ಸಿಕ್ಕಿ ಯಾರಿಗೆ ತಾನೇ ಹುಚ್ಚು ಹಿಡಿಯಲ್ಲ?"

ಕೊನೆಗೆ ಭಾವ.

"ಭಾವ, ಮೆಷಿನ್ ಬಂದ ದಿನ ಮನೇಲಿ ಇನ್ನೇನಾದ್ರೂ ಬದಲಾಯ್ತಾ?"

"ಏನೂ ಇಲ್ಲ. ನಿನ್ನ ಮೆಷಿನ್ನಿಗೆ ಗಟ್ಟಿ ಸ್ವಿಚ್ ಬೇಕಿತ್ತು. ಹಿತ್ತಲ ಬಚ್ಚಲಿನ ಗೀಸರ್‌ದು ಕಿತ್ತು ಇಲ್ಲಿ ಹಾಕಿಕೊಟ್ಟೆ. ಅದನ್ನ ಹೇಗೂ ಯಾರೂ ಉಪಯೋಗಿಸಲ್ಲ. ಅಲ್ಲಿ ತೂತು ಬಾಯಿ ಬಿಟ್ಕೊಂಡಿರಬಾರ್ದು ಅಂತ ನನ್ನ ಡಬ್ಬದಲ್ಲಿದ್ದ ಹಳೇ ಸ್ವಿಚ್ ಕೂರಿಸ್ದೆ. ಎಲ್ಲ ನಾನೇ. ಎಲೆಕ್ಟ್ರಿಷಿಯನ್ ಖರ್ಚು ಉಳೀತು." ಭಾವನ ಮುಖದಲ್ಲಿ ಹೆಮ್ಮೆ ಇತ್ತು. "ಉಳಿಸೋದು ಅಂದ್ರೆ ಹಾಗೆ."

"ಗೀಸರ್ ಆಫ್ ಇದೆಯಲ್ಲ?"

"ದಿನಾ ಎರಡು ಹೊತ್ತು ಕೈಯಿಟ್ಟು ನೋಡ್ತೀನಿ. ನನ್ನನ್ನೇ ವಿಚಾರಣೆ ಮಾಡ್ತೀಯೇನಮ್ಮ?"

"ಎಲ್ಲರನ್ನೂ ಮಾಡ್ತಿದ್ದೀನಿ ಭಾವ."

ಶನಿವಾರ ಬಂತು. ಇನ್ನೊಂದೇ ದಿನ. ಮೆಷಿನ್ನಿನ ಮೇಲೆ ಅರ್ಧ ಹೊಲಿದ ಸಮವಸ್ತ್ರ ಹಾಗೇ ಬಿದ್ದಿತ್ತು. ಅದನ್ನು ನೋಡಿದಾಗೆಲ್ಲ ಅವಳಿಗೆ ಅಳು ಬರುವಂತಾಗುತ್ತಿತ್ತು, ಅಳುವುದಕ್ಕೆ ಪುರುಸೊತ್ತಿರಲಿಲ್ಲ.

ಒಂದೊಂದನ್ನೇ ಅಳೆದರೆ ಕಳ್ಳ ಸಿಗುವುದಿಲ್ಲ, ಎಲ್ಲವನ್ನೂ ಒಟ್ಟಿಗೆ ನಿಲ್ಲಿಸಿ ನೋಡಬೇಕು—ಹಾಗನ್ನಿಸಿತು. ಗಂಡಸರಿಬ್ಬರೂ ಕೆಲಸಕ್ಕೆ ಹೋದ ಮೇಲೆ ಮನೆಯ ದೀಪ, ಫ್ಯಾನು ಎಲ್ಲ ಆರಿಸಿದಳು. ಫ್ರಿಜ್ಜಿನ ಪ್ಲಗ್ಗನ್ನೂ ಎಳೆದಳು. ವರಾಂಡದ ಗೋಡೆಯಲ್ಲಿ ಮೀಟರು. ಅದರಲ್ಲೊಂದು ಪುಟ್ಟ ಕೆಂಪು ದೀಪ. ಮನೆ ಕರೆಂಟ್ ತಿಂದರೆ ಅದು ಮಿಟುಕುತ್ತದೆ, ಹೆಚ್ಚು ತಿಂದರೆ ಜೋರಾಗಿ ಮಿಟುಕುತ್ತದೆ. ಸ್ಟೂಲು ಹಾಕಿಕೊಂಡು ಎದುರಿಗೆ ಕೂತಳು.

ದೀಪ ಸತ್ತಂತೆ ಬಿದ್ದಿತ್ತು.

ಹಾಗಾದರೆ ಮನೆಯಲ್ಲಿ ಕಳ್ಳನೇ ಇಲ್ಲವೇ? ತಪ್ಪೆಲ್ಲ ಮೆಷಿನ್ನಿನದೇ? ಆದರೂ ಏಳಲಿಲ್ಲ. ಒಳಗೆ ಅತ್ತೆ ನೆಲ ಒರೆಸುವ ಬಕೆಟ್ ಎಳೆದಾಡುವ ಸದ್ದು, ಹಿತ್ತಲಲ್ಲಿ ನಲ್ಲಿ ಸುರಿಯುವ ಸದ್ದು ಕೇಳುತ್ತಿತ್ತು. ಬೀದಿಯಲ್ಲಿ ತರಕಾರಿ ಗಾಡಿ ಹೋಯಿತು. ಅವಳು ದೀಪದಿಂದ ಕಣ್ಣು ಕೀಳಲಿಲ್ಲ.

ಇದ್ದಕ್ಕಿದ್ದ ಹಾಗೆ ದೀಪ ಮಿಟುಕಿತು.

ಒಂದಲ್ಲ, ಎರಡಲ್ಲ. ಹುಚ್ಚುಹುಚ್ಚಾಗಿ, ಎಣಿಸಲಾಗದಷ್ಟು ಜೋರಾಗಿ. ಅವಳು ಎದ್ದು ನಿಂತಳು. ಒಳಗೆ ಓಡಿ ನೋಡಿದಳು—ಎಲ್ಲ ಆರಿಸಿದ ಹಾಗೇ ಇದೆ. ವಾಪಸು ಬಂದರೆ ದೀಪ ಇನ್ನೂ ಓಡುತ್ತಿದೆ. ಸ್ವಲ್ಪ ಹೊತ್ತು ಓಡಿ, ಯಾರೋ ಬಾಯಿ ಮುಚ್ಚಿದಂತೆ ನಿಂತುಬಿಟ್ಟಿತು.

ಎದ್ದು, ತಿಂದು, ಮಲಗುವ ಕಳ್ಳ! ತನ್ನಷ್ಟಕ್ಕೆ ಶುರುವಾಗಿ ತನ್ನಷ್ಟಕ್ಕೆ ನಿಲ್ಲುವ ಸಾಮಾನು ಮನೆಯಲ್ಲಿ ಯಾವುದಿದೆ? ಫ್ರಿಜ್ಜು—ಅದರ ಪ್ಲಗ್ ಅವಳ ಕಣ್ಣೆದುರೇ ನೇತಾಡುತ್ತಿದೆ. ಇಸ್ತ್ರಿ ಪೆಟ್ಟಿಗೆ—ಬೀರುವಿನಲ್ಲಿದೆ.

ಒಳಗೆ ಹೋದಳು. ಅತ್ತೆ ಹಿತ್ತಲ ಬಚ್ಚಲಿನಿಂದ ಇನ್ನೊಂದು ಬಕೆಟ್ ನೀರು ತರುತ್ತಿದ್ದರು. ಆ ಬಚ್ಚಲು ಈಗ ಪೊರಕೆ, ಮುರಿದ ಕುರ್ಚಿಗಳ ಉಗ್ರಾಣ. ತೀರಿಕೊಂಡ ಮಾವ ಹಾಸಿಗೆ ಹಿಡಿದಿದ್ದಾಗ ಅವರಿಗೆಂದು ಹಾಕಿಸಿದ್ದ ಗೀಸರ್ ಅಲ್ಲೇ ಗೋಡೆಯಲ್ಲಿದೆ. ಅದರ ಸೂಚನೆಯ ದೀಪ ಕೆಟ್ಟು ಎಷ್ಟೋ ಕಾಲವಾಗಿದೆ.

"ಅತ್ತೆ, ಯಾವಾಗಲೂ ಆ ನಲ್ಲೀಲೇ ಯಾಕೆ ಹಿಡೀತೀರಿ?"

"ಇನ್ನೊಂದು ನಲ್ಲಿ ತಿರುಗೋದೇ ಇಲ್ಲವಲ್ಲೇ. ಇದರ ನೀರು ಬೆಚ್ಚಗೂ ಇರುತ್ತೆ. ಕಾಲು ತೊಳೆದ್ರೆ ಮಂಡಿನೋವಿಗೆ ಎಷ್ಟು ಹಿತ ಗೊತ್ತಾ. ಮೇಲಿನ ಟ್ಯಾಂಕು ಬಿಸಿಲಿಗೆ ಕಾಯುತ್ತಲ್ಲ, ಅದಕ್ಕೆ."

"ಬೆಳಗ್ಗೇನೂ ಬೆಚ್ಚಗಿರುತ್ತಾ?"

"ಎದ್ದ ತಕ್ಷಣ ಹಿಡಿದ್ರೂ ಬೆಚ್ಚಗೆ."

ಟೈಲರಮ್ಮ ಅತ್ತೆಯ ಬಕೆಟ್ಟಿಗೆ ಕೈ ಅದ್ದಿದಳು. ಆಮೇಲೆ ಅಡಿಗೆಮನೆಯ ನಲ್ಲಿ ತಿರುಗಿಸಿ ಅಲ್ಲಿಯೂ ಕೈ ಒಡ್ಡಿದಳು. ಆಮೇಲೆ ಹಿತ್ತಲ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೊರಗೆ ಬಂದಾಗ ಮುಖದಲ್ಲಿ ನಗು ಇತ್ತು. ಫ್ರಿಜ್ಜಿನ ಪ್ಲಗ್ ಮತ್ತೆ ಸಿಕ್ಕಿಸಿ, ಮೆಷಿನ್ ಮುಂದೆ ಕೂತು ಅರ್ಧ ಬಿಟ್ಟಿದ್ದ ಸಮವಸ್ತ್ರ ಮುಗಿಸಿದಳು. ಯಾರಿಗೂ ಏನೂ ಹೇಳಲಿಲ್ಲ. ಎಲ್ಲರೆದುರು ಹೊರಿಸಿದ ಕಳ್ಳತನ ಎಲ್ಲರೆದುರೇ ಇಳಿಯಬೇಕು, ಅಷ್ಟು ಹಟ ಅವಳಿಗೂ ಇತ್ತು.

ಭಾನುವಾರ ಗಿರಾಕಿ ಬಂದ. ಮೆಷಿನ್ನಿನ ಬೆನ್ನು ಸವರಿ ನೋಡಿದ.

"ಕೂತ್ಕೊಳ್ಳಿ," ಎಂದಳು ಟೈಲರಮ್ಮ. "ಮೊದಲು ಕಳ್ಳನ್ನ ನೋಡಿಬಿಡಿ. ರೀ, ನೀವು ಹೋಗಿ ಮೀಟರ್ ಮುಂದೆ ನಿಂತ್ಕೊಳ್ಳಿ. ಕೆಂಪು ದೀಪ ಏನು ಮಾಡುತ್ತೆ ಅಂತ ಕೂಗಿ ಹೇಳಿ."

ಗಂಡ ಅಣ್ಣನ ಮುಖ ನೋಡಿದ. ಹೆಂಡತಿಯ ಮುಖ ನೋಡಿದ. ಹೋಗಿ ಮೀಟರ್ ಮುಂದೆ ನಿಂತ.

ಅವಳು ಮನೆಯದೆಲ್ಲ ಆರಿಸಿ, ಉಳಿದವರನ್ನು ಹಿತ್ತಲ ಬಚ್ಚಲಿಗೆ ಕರೆದುಕೊಂಡು ಹೋದಳು.

"ಭಾವ, ಗೀಸರ್ ಸ್ವಿಚ್ ನೋಡಿ. ಆನೋ, ಆಫೋ?"

ಭಾವ ಬೆರಳಿಟ್ಟರು. "ಗುಂಡಿ ಮೇಲಿದೆ. ಆಫ್. ಮನೇಲಿ ಎಲ್ಲ ಸ್ವಿಚ್ಚೂ ಹಾಗೇ ಅಲ್ವಾ? ಮೇಲಿದ್ರೆ ಆಫ್, ಕೆಳಗಿದ್ರೆ ಆನ್."

"ಅತ್ತೆ, ಎರಡು ಬಕೆಟ್ ನೀರು ಹಿಡೀರಿ."

ನೀರು ಸುರಿಯಿತು. ಮೊದಲ ಬಕೆಟ್ ತುಂಬಿತು. ಎರಡನೆಯದು ಅರ್ಧಕ್ಕೆ ಬರುವ ಹೊತ್ತಿಗೆ ವರಾಂಡದಿಂದ ದನಿ ಬಂತು:

"ಓಡ್ತಿದೆ! ದೀಪ ಓಡ್ತಿದೆ ಕಣೇ!"

"ಭಾವ, ಈಗ ಸ್ವಿಚ್ ಕೆಳಗೆ ಒತ್ತಿ."

"ಕೆಳಗೆ ಒತ್ತಿದ್ರೆ ಆನ್ ಆಗುತ್ತಲ್ಲ."

"ಒತ್ತಿ ಭಾವ."

ಒತ್ತಿದರು. ಟಕ್.

"ನಿಂತ್ಹೋಯ್ತು," ಎಂದಿತು ವರಾಂಡದ ದನಿ.

ಭಾವ ಮೇಲೆ ಒತ್ತಿದರು. "ಓಡ್ತಿದೆ." ಕೆಳಗೆ ಒತ್ತಿದರು. "ನಿಂತಿತು." ಇನ್ನೊಮ್ಮೆ, ಮತ್ತೊಮ್ಮೆ.

"ಹಳೇ ಸ್ವಿಚ್ಚನ್ನ ತಲೆಕೆಳಗಾಗಿ ಕೂರಿಸಿದ್ದೀರಿ ಭಾವ," ಎಂದಳು ಅವಳು. "ಮೆಷಿನ್ ಬಂದ ದಿನವೇ. ಅದಕ್ಕೇ ಬಿಲ್ ಅವತ್ತಿಂದಲೇ ಏರಿದ್ದು, ನೀವು ಹೇಳಿದ್ದು ಸುಳ್ಳಲ್ಲ. ಗೀಸರ್ ನೀರು ಕಾಯಿಸಿ ತನ್ನಷ್ಟಕ್ಕೆ ನಿಲ್ಲುತ್ತೆ. ಅತ್ತೆ ಹಿಡಿಯೋದು ಗೀಸರಿನ ನಲ್ಲೀಲೇ. ಬಕೆಟ್ ಹಿಡಿದಾಗ ತಣ್ಣೀರು ಒಳಗೆ ಹೋಗುತ್ತೆ, ಮತ್ತೆ ಕಾಯುತ್ತೆ. ಮಾವನ ಮೈಗೆ ಸುಡಬಾರದು ಅಂತ ಬಿಸಿ ಕಮ್ಮಿ ಇಟ್ಟಿದ್ರಲ್ಲ, ಅದಕ್ಕೆ ಹೊಗೆಯಾಡೋ ನೀರು ಬರ್ಲಿಲ್ಲ, ಬರೀ ಬೆಚ್ಚಗೆ ಬಂತು. ಯಾರಿಗೂ ಅನುಮಾನ ಬರ್ಲಿಲ್ಲ."

"ಟ್ಯಾಂಕು ಬಿಸಿಲಿಗೆ..." ಎಂದು ಅತ್ತೆ ರಾಗ ಎಳೆದರು.

"ಅಲ್ಲೇ ಎಲ್ರೂ ಮೋಸ ಹೋಗಿದ್ದು ಅತ್ತೆ. ಬೆಳಗ್ಗೆ ಬಿಸಿಲೆಲ್ಲಿ? ಅಡಿಗೆಮನೆಗೂ ಅದೇ ಟ್ಯಾಂಕಿನ ನೀರೇ. ಪಾತ್ರೆ ತೊಳೆಯುವಾಗ ನನ್ನ ಬೆರಳು ಮರಗಟ್ಟುತ್ತೆ. ಒಂದೇ ಟ್ಯಾಂಕು, ಇಲ್ಲಿ ಬೆಚ್ಚಗೆ, ಅಲ್ಲಿ ತಣ್ಣಗೆ. ಇಬ್ರೂ ದಿನಾ ಕೈ ಅದ್ದುತ್ತಿದ್ವಿ, ಒಬ್ಬರಿಗೊಬ್ಬರು ಹೇಳ್ಕೊಳ್ಳಲಿಲ್ಲ. ನಂಗೂ ನಿನ್ನೆ ತನಕ ಹೊಳೀಲಿಲ್ಲ."

ಭಾವ ಸ್ವಿಚ್ಚಿನಿಂದ ಕೈ ತೆಗೆದರು. "ನಾನು ದಿನಾ ಆಫ್ ಇದೆ ಅಂತ ನೋಡ್ತಿದ್ದೆ. ಹೋದ ವಾರ ಯಾರೋ ಕೆಳಗೆ ಒತ್ತಿದ್ರು. ನಾನೇ ಬೈದು ಮೇಲೆ ಮಾಡ್ದೆ."

"ಪೊರಕೆ ತೆಗೆಯುವಾಗ ನನ್ನ ಮೊಣಕೈ ತಗುಲಿತ್ತು," ಎಂದರು ಅತ್ತೆ. "ಅದಕ್ಕೇ ಅವತ್ತು ನೀರು ತಣ್ಣಗಿತ್ತು ಅನ್ನು."

"ಆರಿಹೋಗಿದ್ದನ್ನ ಮತ್ತೆ ಹಚ್ಚಿದ್ದು ನೀವೇ ಭಾವ. ಕಳ್ಳ ಅಂತ ಯಾರನ್ನಾದ್ರೂ ಹೇಳಲೇಬೇಕು ಅಂದ್ರೆ, ಅದು ನೀವೇ."

ಗಿರಾಕಿ ಕೆಮ್ಮಿದ. ಭಾವ ಅವನತ್ತ ತಿರುಗಿ, ಮೆಷಿನ್ ಮಾರೋದಿಲ್ಲ, ನೀವು ಹೊರಡಿ ಎಂದು ಮೆತ್ತಗೆ ಹೇಳಿದರು.

"ಇರಿ," ಎಂದಳು ಟೈಲರಮ್ಮ. ದನಿ ಗಟ್ಟಿಯಾಗಿತ್ತು, ಕಣ್ಣು ತುಂಬಿತ್ತು. "ಮೆಷಿನ್ ಉಳೀತು, ಸಂತೋಷ. ಆದ್ರೆ ಕಳ್ಳಿ ಅನ್ನಿಸಿಕೊಂಡು ನಾಲ್ಕು ದಿನ ನಾನು ಸರಿಯಾಗಿ ಊಟ ಮಾಡಿಲ್ಲ ಭಾವ. ಅದನ್ನ ಯಾವ ಮೀಟರ್ರೂ ತೋರಿಸಲ್ಲ. ಇವರೆದುರೇ ಹೇಳಿ."

ಆ ಹೊತ್ತಿಗೆ ಗಂಡ ವರಾಂಡದಿಂದ ಬಂದು ಅವಳ ಪಕ್ಕದಲ್ಲಿ ನಿಂತಿದ್ದ. ಈ ಸಲ ಚಪ್ಪಲಿ ನೋಡಿಕೊಳ್ಳಲಿಲ್ಲ.

"ಹೇಳಿ ಅಣ್ಣ," ಎಂದ.

ಭಾವ ತಮ್ಮನನ್ನು ನೋಡಿದರು. ಅವನು ಹಾಗೆ ಮಾತಾಡಿದ್ದನ್ನು ಅವರು ಕೇಳಿಯೇ ಇರಲಿಲ್ಲ.

"ತಪ್ಪು ನಂದಮ್ಮ," ಎಂದರು. "ಅಳೆಯದೆ ಹೊರಿಸಿಬಿಟ್ಟೆ. ನಿನ್ನ ಮೆಷಿನ್ನಿನ ಸುದ್ದಿಗೆ ಇನ್ನು ಬರಲ್ಲ."

ಗಿರಾಕಿ ಹೊರಟ. ಭಾವ ಹಳೇ ಸ್ವಿಚ್ ತೆಗೆದು ಎಸೆಯುತ್ತೇನೆಂದು ಸ್ಕ್ರೂಡ್ರೈವರ್ ಹುಡುಕತೊಡಗಿದರು. ಆಗ ಅತ್ತೆ ತುಂಬಿದ ಬಕೆಟ್ ನೋಡುತ್ತ, ಯಾರಿಗೂ ಅಲ್ಲ ಎಂಬಂತೆ, "ಹಾಗಾದ್ರೆ ನಾಳೆಯಿಂದ ತಣ್ಣೀರು," ಎಂದರು.

ಭಾವನ ಕೈ ನಿಂತಿತು.

"ಅಮ್ಮ, ಮಂಡಿ ಅಷ್ಟು ನೋಯುತ್ತಾ? ಒಂದಿನಾನೂ ಹೇಳ್ಲಿಲ್ಲವಲ್ಲ."

"ನಿಂಗೆ ಹೇಳಿದ್ರೆ ಬಿಲ್ ತೋರಿಸ್ತೀಯ."

ಭಾವನಿಗೆ ಆ ಮಾತು ನಾಟಿತು. ತಾಯಿಯ ಮುಖವನ್ನೇ ನೋಡುತ್ತ ನಿಂತರು.

"ತಣ್ಣೀರು ಯಾಕೆ?" ಎಂದಳು ಟೈಲರಮ್ಮ. "ಕದ್ದು ಉರಿಯೋದು ಬೇಡ, ಅಷ್ಟೇ. ಬೆಳಗ್ಗೆ ಸ್ವಲ್ಪ ಹೊತ್ತು ಕಾಯಿಸಿ, ಎಷ್ಟು ಯೂನಿಟ್ ಆಯ್ತು ಅಂತ ನಾನು ಮೀಟರ್ ನೋಡಿ ಹೇಳ್ತೀನಿ. ಅಷ್ಟನ್ನ ಈ ಮನೆ ತಡ್ಕೊಳ್ಳುತ್ತೆ. ತಡ್ಕೊಳ್ಳದಿದ್ರೆ ಎರಡು ಸಮವಸ್ತ್ರ ಜಾಸ್ತಿ ಹೊಲೀತೀನಿ."

"ಬೇಡಮ್ಮ. ಅಮ್ಮನಿಗೆ ಬಿಸಿನೀರು ಕೊಡೋದು ಮಕ್ಕಳ ಕೆಲಸ," ಎಂದರು ಭಾವ. ಸ್ಕ್ರೂಡ್ರೈವರ್ ಹಿಡಿದು ಸ್ವಿಚ್ಚಿನ ಕಡೆ ನಡೆದವರು ಅರ್ಧದಲ್ಲೇ ನಿಂತು, ಅದನ್ನು ತಮ್ಮನ ಕೈಗಿತ್ತರು. "ನೀನೇ ತಿರುಗಿಸಿ ಹಾಕು. ಮೇಲೆ ಯಾವುದು, ಕೆಳಗೆ ಯಾವುದು, ಅವಳನ್ನ ಕೇಳ್ಕೊಂಡು ಹಾಕು."