ನಾನೂರ ಏಳರ ನೆಪ

ಈವತ್ತೂ ಅಕೆಯೊಳ ಖಾತೆಗೆ ಬೀಗ ಬಿದ್ದಿತ್ತು.

ಕಿಸುಮು ಎಂಬ ಸರೋವರದಂಚಿನ ಊರಿನ ಆ ಆಫೀಸಿನಲ್ಲಿ ಇಂಟರ್ನೆಟ್ಟಿಗೆ ನೇರ ದಾರಿಯಿಲ್ಲ. ನಡುವೆ ಪ್ರಾಕ್ಸಿ ಎಂಬ ಕಾವಲು. ಹೆಸರು, ಪಾಸ್‌ವರ್ಡ್ ಸರಿಯಾಗಿ ಹೇಳಿದರೆ ಒಳಗೆ ಬಿಡುತ್ತದೆ. ತಪ್ಪಿದರೆ ೪೦೭ ಎಂಬ ಅಂಕಿ ತೋರಿಸಿ ಹಿಂದಕ್ಕಟ್ಟುತ್ತದೆ. ಮತ್ತೆ ಮತ್ತೆ ತಪ್ಪಿದರೆ ಖಾತೆಗೇ ಬೀಗ. ಅದನ್ನು ತೆಗೆಯಬಲ್ಲವನು ಒಬ್ಬನೇ, ನೆಟ್‌ವರ್ಕ್ ನೋಡಿಕೊಳ್ಳುವ ಸಿಮಿಯು.

ಅಲ್ಲಿ ಆ್ಯಪ್ ತಯಾರಿಸುವ ಅಕೆಯೊ ಫೋನಿನ ಕ್ಯಾಮೆರಾದಲ್ಲೇ ಮುಖ ನೋಡಿಕೊಂಡು, ಹೆಣೆದ ಕೂದಲನ್ನು ಹಿಂದಕ್ಕೆ ತಳ್ಳಿ, ಅವನ ಕೋಣೆಗೆ ಹೊರಟಳು.

ಸಿಮಿಯು ದೊಡ್ಡ ಲೋಟದ ಚಹಾದ ಹಿಂದೆ ಕೂತಿದ್ದ. ಅವಳನ್ನು ಕಂಡೊಡನೆ ತುಟಿಯಂಚಿನಲ್ಲಿ ನಗು ಮೂಡಿತು. ಅದನ್ನು ಮುಚ್ಚಲು ಲೋಟ ಎತ್ತಿದ. ಆದರೆ ಕಣ್ಣುಗಳು ಲೋಟದ ಮೇಲಿನಿಂದ ನೋಡುತ್ತಲೇ ಇದ್ದವು.

“ಮತ್ತೆ ಬೀಗಾನಾ?”

“ನಿಮ್ಮ ಪ್ರಾಕ್ಸಿಗೆ ನನ್ನ ಕಂಡ್ರೆ ಆಗಲ್ಲ.”

“ಪ್ರಾಕ್ಸಿ ಬಡಪಾಯಿ. ನಿಮ್ಮ ಆ್ಯಪ್‌ಗೇ ಒಂಚೂರೂ ನಾಚಿಕೆ ಇಲ್ಲ. ಬೆಳಿಗ್ಗೆಯಿಂದ ಅದೇ ಹಳೇ ಪಾಸ್‌ವರ್ಡ್ ಹಿಡ್ಕೊಂಡು ಬಾಗಿಲು ಬಡೀತಿದೆ. ಒಂದ್ಸಲ ಇಲ್ಲ ಅಂದ್ಮೇಲೆ ಸುಮ್ಮನಾಗ್ಬೇಕು, ಅಲ್ವಾ?” ಕೊನೆಯ ಮಾತು ಹೇಳುವಾಗ ಅವನ ದನಿ ಸ್ವಲ್ಪ ಇಳಿಯಿತು.

ಅಕೆಯೊಗೆ ಅದು ಗೊತ್ತಿಲ್ಲದ ವಿಷಯವೇನಲ್ಲ. ಪಾಸ್‌ವರ್ಡ್ ಬದಲಾಯಿಸಿದರೂ ಆ್ಯಪ್‌ನೊಳಗೆ ಹಳೆಯದೇ ಉಳಿದಿತ್ತು. ಪ್ರಾಕ್ಸಿ ಬೇಡವೆಂದಷ್ಟೂ ಅದನ್ನೇ ಒಪ್ಪಿಸುವಂತೆ ಅವಳೇ ಕೋಡ್ ಬರೆದಿದ್ದಳು. ತಪ್ಪು ಹೋದ ವಾರವೇ ಸಿಕ್ಕಿತ್ತು. ಆದರೆ ಅದನ್ನು ತಿದ್ದಿಬಿಟ್ಟರೆ ಬೆಳಗಾಗೆದ್ದು ಈ ಕೋಣೆಗೆ ಬರಲು ನೆಪವೆಲ್ಲಿ? ಅವಳಿಗೆ ಇವನ ಮೇಲೆ ಮನಸ್ಸಾಗಿತ್ತು. ಇವನೋ, ತಿಂಗಳ ಹಿಂದೆ ಒಮ್ಮೆ ಚಹಾಕ್ಕೆ ಕರೆದವನು ಮತ್ತೆ ಬಾಯಿ ಬಿಟ್ಟಿರಲಿಲ್ಲ.

“ಮಧ್ಯಾಹ್ನ ಮಾಮಾ ರೋಸಾ ಬರ್ತಾರೆ. ಅವರ ಮುಂದೆಯೂ ಬೀಗ ಬಿದ್ರೆ?” ಎಂದ ಸಿಮಿಯು.

ಮಾಮಾ ಎಂದರೆ ಅಲ್ಲಿ ಅಮ್ಮ. ಈ ರೋಸಾ ಮೀನು ಮಾರುವ ಹೆಂಗಸರ ಸಂಘದ ಅಧ್ಯಕ್ಷೆ. ದಡದಲ್ಲಿ ಈವತ್ತು ಮೀನಿಗೆ ಏನು ಬೆಲೆ ಎಂದು ಹೇಳುವ ಆ್ಯಪ್ ಅವರಿಗಾಗಿಯೇ ತಯಾರಾಗುತ್ತಿದ್ದುದು. ಅವರ ಕಚೇರಿಯಲ್ಲೂ ಇಂಥದ್ದೇ ಪ್ರಾಕ್ಸಿ. ಇಲ್ಲಿ ನಡೆಯದಿದ್ದರೆ ಅಲ್ಲಿಯೂ ನಡೆಯದು. ಇನ್ನು ನೆಪ ಸಾಗದು ಎಂದು ಅಕೆಯೊ ಹೋಗಿ ತನ್ನ ಲ್ಯಾಪ್‌ಟಾಪ್ ತಂದು ಅವನ ಮೇಜಿನ ಮೇಲೆ ತೆರೆದಳು.

“ಪಕ್ಕದಲ್ಲಿ ಕೂತ್ಕೊಳ್ಳಿ. ಇವತ್ತು ಸರಿ ಮಾಡ್ಬಿಡ್ತೀನಿ,” ಎಂದಳು.

ಅವನು ಖಾತೆಯ ಬೀಗ ತೆಗೆದು, ಕುರ್ಚಿ ಎಳೆದುಕೊಂಡು ಕೂತ. ಅವಳು ಆ್ಯಪ್‌ನೊಳಗಿದ್ದ ಪಾಸ್‌ವರ್ಡ್ ಕಿತ್ತು ಹಾಕಿದಳು. ಒಮ್ಮೆ ಬೇಡವೆಂದರೆ ಅಲ್ಲಿಗೇ ನಿಂತು, ಹೊಸ ಪಾಸ್‌ವರ್ಡ್ ಕೇಳುವಂತೆ ಬರೆದಳು. ಪರೀಕ್ಷೆಗೆಂದು ಬೇಕಂತಲೇ ತಪ್ಪು ಪಾಸ್‌ವರ್ಡ್ ಒತ್ತಿದಳು. ಆ್ಯಪ್ ಒಂದೇ ಸಲ ಬಾಗಿಲು ಬಡಿದು ತೆಪ್ಪಗಾಯಿತು. ಅವನ ಮೊಣಕೈ ಅವಳ ಮೊಣಕೈಗೆ ತಾಗುತ್ತಿತ್ತು, ಇಬ್ಬರೂ ಸರಿಸಿಕೊಳ್ಳಲಿಲ್ಲ.

ಮಾಮಾ ರೋಸಾ ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದರು. ಫೋನಿನಲ್ಲಿ ಮೀನಿನ ಬೆಲೆಗಳು ಸರಸರನೆ ಮೂಡಿದವು.

“ಇಷ್ಟಕ್ಕೆ ಇಷ್ಟು ದಿನ ಬೇಕಾಯ್ತಾ ಮಗಳೇ?” ಎಂದ ಅವರು ಸಿಮಿಯುವನ್ನು ಮೇಲಿಂದ ಕೆಳಗೆ ನೋಡಿದರು. “ಹ್ಞೂಂ, ಈಗ ಗೊತ್ತಾಯ್ತು ಬಿಡು!”

ಅವರು ನಗುತ್ತಾ ಹೋದರು. ಸಿಮಿಯು ಎದ್ದು ನಿಂತ. “ಇನ್ಮೇಲೆ ಬೀಗ ಬೀಳಲ್ಲ. ನಿಮಗೂ ಇಲ್ಲಿಗೆ ಬರೋ ಕಷ್ಟ ತಪ್ತು.”

“ಕಷ್ಟ ಅಂತ ಯಾರು ಹೇಳಿದ್ದು?”

“ನೀವೇ. ಚಹಾಕ್ಕೆ ಕರೆದ್ರೆ ‘ನಾನು ಚಹಾ ಕುಡಿಯಲ್ಲ’ ಅಂದ್ರಲ್ಲ. ಅದಕ್ಕಿಂತ ಬಿಡಿಸಿ ಹೇಳೋದು ಏನಿರುತ್ತೆ?”

ಅಕೆಯೊ ಕಣ್ಣರಳಿಸಿದಳು. “ಅಯ್ಯೋ ದೇವರೇ, ನಾನು ನಿಜವಾಗ್ಲೂ ಚಹಾ ಕುಡಿಯಲ್ಲ!”

“ಸುಳ್ಳು. ಚಹಾ ಕುಡಿಯದೋರು ಅಂತ ಇರ್ತಾರಾ?”

“ನಿಮ್ಮ ಲುಯಾ ಜನರಲ್ಲಿ ಇರಲ್ಲಪ್ಪ. ಎಳೇ ಕೂಸಿಗೂ ಲೋಟ ಹಿಡಿಸ್ತೀರಿ ನೀವು! ನಮ್ಮನೇಲಿ ಬೆಳಿಗ್ಗೆ ಗಂಜಿ. ಚಹಾ ಕುಡಿದ್ರೆ ನನಗೆ ಎದೆ ಉರಿ.” ಅವಳು ಒಂದು ಹೆಜ್ಜೆ ಹತ್ತಿರ ಬಂದಳು. “ನಾನು ಬೇಡ ಅಂದಿದ್ದು ಚಹಾನ. ನಿಮ್ಮನ್ನಲ್ಲ.”

ಸಿಮಿಯು ಖಾಲಿ ಲೋಟವನ್ನೇ ದಿಟ್ಟಿಸಿ ನೋಡಿದ. ಒಂದು ತಿಂಗಳು ಅವನು ಒಳಗೊಳಗೇ ನವೆದಿದ್ದು ಇದಕ್ಕೆ.

“ಅವತ್ತೇ ಚಹಾ ಬಿಟ್ಟು ಇನ್ನೇನಕ್ಕಾದ್ರೂ ಕರೆಯೋಕೆ ಆಗ್ತಿರ್ಲಿಲ್ವಾ?” ಎಂದಳು ಅವಳು. “ನನ್ನ ಆ್ಯಪ್‌ಗೆ ನಾಚಿಕೆ ಇಲ್ಲ ಅಂತೀರಿ. ನಿಮಗೆ ಅದೇ ಅತಿಯಾಯ್ತು.”

ಅವನು ಲೋಟವನ್ನು ಪಕ್ಕಕ್ಕೆ ಸರಿಸಿದ. “ಸಂಜೆ ದುಂಗಾ ದಡದಲ್ಲಿ ಮೀನು ತಿನ್ನೋಣ್ವಾ?”

“ಮುಳ್ಳು ಬಿಡಿಸೋಕೆ ಬರುತ್ತಾ?”

“ಬರಲ್ಲ. ಪಕ್ಕದಲ್ಲಿ ಕೂತು ಬಿಡಿಸಿ ಕೊಡೋರು ಬೇಕು.”

“ಬರ್ತೀನಿ,” ಎಂದವಳು ನೆಲ ನೋಡಿದಳು. “ಇನ್ನೊಂದು ವಿಷಯ. ಆ ತಪ್ಪು ನನಗೆ ಹೋದ ವಾರಾನೇ ಸಿಕ್ಕಿತ್ತು.”

“ನಿನ್ನ ಫೋನಿಗೆ ಪ್ರಾಕ್ಸಿಯೇ ಬೇಡ ಅಂತ ಮಾಡೋಕೆ ನನಗೂ ಒಂದು ನಿಮಿಷ ಸಾಕಿತ್ತು,” ಎಂದ ಸಿಮಿಯು. ಮೊದಲ ಸಲ ‘ನೀನು’ ಎಂದಿದ್ದು ಇಬ್ಬರ ಗಮನಕ್ಕೂ ಬಂತು.

ಸಂಜೆ ಸರೋವರದ ದಡದಲ್ಲಿ ಅವಳು ಮುಳ್ಳು ಬಿಡಿಸಿ ಬಿಡಿಸಿ ಅವನ ತಟ್ಟೆಗೆ ಹಾಕಿದಳು. ಊಟವಾದದ್ದೇ ಅವನು ಚಹಾ ತರಿಸಿಕೊಂಡ. ಅಕೆಯೊ ಅವನ ಲೋಟ ಕಸಿದು ಒಂದೇ ಒಂದು ಗುಟುಕು ಕುಡಿದು ಮುಖ ಕಿವುಚಿದಳು.

“ಹೆಂಗಿದೆ?”

“ಥೂ, ಚೆನ್ನಾಗಿಲ್ಲ,” ಎಂದಳು. ಲೋಟವನ್ನು ಮಾತ್ರ ಹಿಂದಕ್ಕೆ ಕೊಡಲಿಲ್ಲ.