ಖಾಲಿ ಟ್ಯಾಂಕು ಉರುಳಿದ ಬಗೆ

ಹೊಸಬಾಳೆಯ ಬಂಗಾರಮ್ಮನ ಅಂಗಳದಲ್ಲಿ ನೀರಿನ ಟ್ಯಾಂಕಿನ ಕಬ್ಬಿಣದ ಸ್ಟ್ಯಾಂಡು ಗಾಳಿಗೆ ಉರುಳಿ ಅವಳ ಕಾಲು ಮುರಿದಿತ್ತು. ಮರುದಿನ ಊರವರೆಲ್ಲ ವೆಲ್ಡರ್ ಪರಮಶಿವಪ್ಪನ ಕಾಲರ್ ಹಿಡಿದು ಅಲ್ಲಿಗೇ ಎಳೆತಂದಿದ್ದರು.

"ತುಂಬಿದ ಟ್ಯಾಂಕಿನ ಭಾರ ತಡೀಲಿಲ್ಲ ನಿನ್ನ ಬೆಸುಗೆ. ಜೈಲಿಗೆ ಹೋಗೋಕೆ ತಯಾರಾಗು," ಎಂದ ಪಕ್ಕದ ಮನೆಯ ಆನಂದಪ್ಪ.

ಶಿಕಾರಿಪುರದಿಂದ ಮಹಾದೇವಮ್ಮನವರನ್ನು ಆಟೋದಲ್ಲಿ ಕರೆತಂದಿದ್ದ ನಾಗರಾಜನಿಗೆ ಮೈ ಉರಿಯಿತು. ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳಿ ನಿವೃತ್ತರಾದ ಅವರು ಇಂಥ ಎಷ್ಟೋ ಜಗಳಗಳ ಬುಡ ಹುಡುಕಿದ್ದರು.

"ಮೇಡಂ, ಇವನ ಬಾಯಿಗೆ ಒಂದು ಕೊಡ್ಲಾ?"

"ಟೇಪು ಕೊಡು, ಸಾಕು."

ಇಬ್ಬರೂ ಅಳತೆ ತೆಗೆದರು. ನೆಲದಲ್ಲಿ ಬರೀ ಒಣ ಧೂಳು. ಬೆಸುಗೆ ಒಂದೂ ಬಿಟ್ಟಿರಲಿಲ್ಲ. ಪಶ್ಚಿಮದ ಎರಡು ಕಾಲುಗಳ ಬೋಲ್ಟುಗಳು ನಟ್ಟಿಲ್ಲದೆ ಕಾಂಕ್ರೀಟಿನಲ್ಲಿ ನೆಟ್ಟಗೆ ನಿಂತಿದ್ದವು, ತಿರುಪಿನ ಗೆರೆ ಸವೆದಿರಲಿಲ್ಲ.

"ಸ್ಟ್ಯಾಂಡಿಗೆ ಬಣ್ಣ ಯಾವಾಗ ಹೊಡೀತೀಯಪ್ಪ?" ಎಂದರು ಮಹಾದೇವಮ್ಮ.

"ನಟ್ಟು ಬಿಗಿ ಮಾಡಿದ ಮೇಲೆ ರೀ," ಎಂದ ಪರಮಶಿವಪ್ಪ. "ಕೆಂಪು ಬಣ್ಣ."

ಮಹಾದೇವಮ್ಮ ಆನಂದಪ್ಪನ ಅಂಗಳದತ್ತ ನೋಡಿದರು. "ಮೇವು ಕತ್ತರಿಸೋ ಯಂತ್ರ ಹೊಸದಾ?"

"ಹೋದ ವಾರ ತಂದೆ. ಅದ್ಯಾಕೆ ನಿಮಗೆ?"

ಅವರು ಆಟೋದಲ್ಲಿ ಕೂತು ಲ್ಯಾಪ್‌ಟಾಪ್ ತೆರೆದರು. ಗಂಟೆಯ ನಂತರ ಎಲ್ಲರನ್ನೂ ಕರೆದರು.

"ಇದೇ ಅಳತೆಯ ಸ್ಟ್ಯಾಂಡು ಇದರೊಳಗೆ ನಿಲ್ಲಿಸಿದೆ. ಮೇಲೆ ಎಷ್ಟು ಭಾರ, ಗಾಳಿ ಯಾವ ಕಡೆಯಿಂದ, ಕಾಲು ನೆಲಕ್ಕೆ ಹೇಗೆ ಹಿಡಿದಿದೆ, ಇಷ್ಟನ್ನು ನಾವು ಹೇಳಬೇಕು. ತುಂಬಿದ ಟ್ಯಾಂಕು ಇಟ್ಟೆ, ನಿಂತಿತು. ಖಾಲಿ ಟ್ಯಾಂಕಿಗೆ ಗಾಳಿ ಬಿಟ್ಟೆ, ಆಗಲೂ ನಿಂತಿತು. ಪಶ್ಚಿಮದ ಕಾಲುಗಳನ್ನು ನೆಲದಿಂದ ಬಿಡಿಸಿದೆ. ಖಾಲಿ ಟ್ಯಾಂಕು ಇಲ್ಲಿ ಬಿದ್ದ ಹಾಗೆಯೇ ಉರುಳಿತು. ನಿನ್ನೆ ಟ್ಯಾಂಕು ತುಂಬಿದ್ದರೆ ಈ ನೆಲ ಕೆಸರಾಗಬೇಕಿತ್ತು. ಗಾಳಿಯೇ ನಟ್ಟು ಕಿತ್ತಿದ್ದರೆ ಬೋಲ್ಟಿನ ತಿರುಪಿನ ಗೆರೆ ಹರಿಯಬೇಕಿತ್ತು. ಅಂದರೆ ಯಾರೋ ಸ್ಪ್ಯಾನರ್ ಹಿಡಿದು ಬಿಚ್ಚಿದ್ದಾರೆ. ನಾಗರಾಜ, ಆ ಯಂತ್ರದ ಬುಡದ ಗೋಣಿ ಎತ್ತು."

ಹಸಿರು ಯಂತ್ರದ ಕಾಲಿನಲ್ಲಿ ನಾಲ್ಕು ನಟ್ಟುಗಳಿದ್ದವು. ನಾಲ್ಕೂ ಕೆಂಪು.

ಆನಂದಪ್ಪನ ದನಿ ಇಳಿಯಿತು. "ಬಿಚ್ಚಿದಾಗ ಟ್ಯಾಂಕು ತುಂಬಿತ್ತು. ಅಲುಗಾಡಿಸಿಯೂ ನೋಡಿದೆ, ಕದಲಲಿಲ್ಲ."

"ಕದಲೋದಿಲ್ಲ. ನೀರಿನ ಭಾರವೇ ಹಿಡಿದಿತ್ತು. ಬೀಳ್ತದೆ ಅಂತ ನಿನಗೆ ಗೊತ್ತಿರಲಿಲ್ಲ, ಒಪ್ಪಿದೆ. ಬಿದ್ದ ಮೇಲೆ ಗೊತ್ತಾಯ್ತಲ್ಲ? ಆಮೇಲೂ ಇವನನ್ನ ಜೈಲಿಗೆ ಕಳಿಸೋಕೆ ನಿಂತೆ."

ಊರವರಲ್ಲೊಬ್ಬ ಪರಮಶಿವಪ್ಪನಿಗೆ ಮೆಲ್ಲಗೆ, "ಸ್ಟ್ಯಾಂಡು ಎತ್ತಿ ನಿಲ್ಲಿಸಿಬಿಡು ಮಾರಾಯ," ಎಂದ.

ಪರಮಶಿವಪ್ಪ ಅಂಗಿ ಕೊಡವಿಕೊಂಡ. "ಬೆಳಿಗ್ಗೆ ನನ್ನ ಮೇಲೆ ಬಿದ್ದ ಕೈಗಳಷ್ಟೂ ಬಂದು ಎತ್ತಲಿ. ನಾನು ನೋಡ್ತಾ ಕೂರ್ತೀನಿ."