ಕುಂಚದ ಜಾಗ

ಲಾಕ್ ಹಾಕಿದ್ದು ತಪ್ಪಾಯಿತೇ?

ಎರಡು ತಿಂಗಳಿಂದ ಅವನ ತಲೆ ಕೊರೆಯುತ್ತಿದ್ದುದು ಇದೊಂದೇ. ಕಂಪ್ಯೂಟರ್ ಪರದೆಯ ಬುಡದಲ್ಲಿ ಐಕಾನ್‌ಗಳನ್ನು ಹೊತ್ತು ಕೂತ ಒಂದು ಪಟ್ಟಿ. ಅದು ಅಲುಗದಂತೆ ಮಾಡಿದ್ದು ಅಂಥ ದೊಡ್ಡ ವಿಷಯವೇ? ಅಲ್ಲ. ಆದರೆ ಅಂದಿನಿಂದ ಅವಳು ಒಮ್ಮೆಯೂ ಫೋನ್ ಮಾಡಿರಲಿಲ್ಲ.

ಅವಳು ಅವನು ಕೆಲಸ ಮಾಡುವ ಪ್ರಕಾಶನದಲ್ಲಿ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವವಳು. ಕಂಪ್ಯೂಟರುಗಳ ಕಾಯಿಲೆ ವಾಸಿ ಮಾಡುವ ಅವನಿಗೆ ಎಲ್ಲರೂ ಇಟ್ಟ ಹೆಸರು ಡಾಕ್ಟ್ರು.

ಮೊದಲೆಲ್ಲ ವಾರಕ್ಕೆ ಮೂರು ಸಲವಾದರೂ ಕರೆ ಬರುತ್ತಿತ್ತು.

"ಡಾಕ್ಟ್ರೇ, ನನ್ನ ಕುಂಚ ಮತ್ತೆ ಓಡಿಹೋಯ್ತು!"

ಅವನು ಎರಡು ಮಹಡಿ ಹತ್ತಿ ಬಂದು, ಚಿತ್ರ ಬರೆಯುವ ಪ್ರೋಗ್ರಾಂನ ಕುಂಚದ ಐಕಾನನ್ನು ಹುಡುಕಿ ತಂದು ಪಟ್ಟಿಯಲ್ಲಿ ಕೂರಿಸುತ್ತಿದ್ದ. ಅವಳು ಗಲ್ಲಕ್ಕೆ ಪೆನ್ಸಿಲ್ ಊರಿಕೊಂಡು, ಪರದೆ ಬಿಟ್ಟು ಅವನನ್ನೇ ನೋಡುತ್ತಿದ್ದಳು.

"ಎಳೆದು ಆಚೆ ಬಿಟ್ರೆ ಹೋಗಿಬಿಡುತ್ತೆ ಕಣ್ರೀ. ಸ್ವಲ್ಪ ಜೋಪಾನ."

"ಜೋಪಾನ ಮಾಡೋಕೆ ನೀವಿದ್ದೀರಲ್ಲ."

ಅವನ ಕಿವಿ ಬಿಸಿಯಾಗುತ್ತಿತ್ತು. ಒಂದು ನಿಮಿಷದ ಕೆಲಸಕ್ಕೆ ಹತ್ತು ನಿಮಿಷ ಹಿಡಿಯುತ್ತಿತ್ತು.

ಒಂದು ದಿನ ಕ್ಯಾಂಟೀನಿನಲ್ಲಿ ಪ್ರೂಫ್ ನೋಡುವ ಹಿರಿಯರು, "ಆ ಹುಡುಗಿಗೆ ಮೌಸ್ ಹಿಡಿಯೋಕೂ ಬರಲ್ಲವಂತೆ, ಯಾರಪ್ಪಾ ಕೆಲಸ ಕೊಟ್ಟಿದ್ದು!" ಎಂದರು. ಇಡೀ ಮೇಜು ನಕ್ಕಿತು. ಆ ಸಂಜೆಯೇ ಅವನು ಪಟ್ಟಿಗೆ ಲಾಕ್ ಹಾಕಿದ.

"ಇನ್ನು ಏನೂ ಕಳೆದುಹೋಗಲ್ಲ. ನನ್ನ ಕರೆಯೋ ತಾಪತ್ರಯನೇ ಇಲ್ಲ ನಿಮಗೆ," ಎಂದ ಹೆಮ್ಮೆಯಿಂದ.

ಅವಳು ಪೆನ್ಸಿಲ್ ಕೆಳಗಿಟ್ಟಳು. "ಓ. ಸರಿ. ಥ್ಯಾಂಕ್ಸ್."

ಇಂದು ಆಫೀಸಿನಲ್ಲಿ ಅವಳ ಕಡೆಯ ದಿನ. ಸ್ವಂತ ಲ್ಯಾಪ್‌ಟಾಪ್ ಹಿಡಿದು ಅವಳೇ ಮೆಟ್ಟಿಲಿಳಿದು ಬಂದಿದ್ದಳು.

"ಇದರಲ್ಲೂ ಹಾಗೇ ಪಟ್ಟಿ ಮಾಡಿಕೊಡಿ. ಅಭ್ಯಾಸ ಆಗಿಬಿಟ್ಟಿದೆ."

ಅವನು ಒಂದೊಂದೇ ಎಳೆದು ತಂದ. ಎಡಕ್ಕೆ ಹಾಡು, ಆಮೇಲೆ ಸ್ಕ್ಯಾನರ್, ನಟ್ಟನಡುವೆ ಕುಂಚ. ಯಾವುದು ಎಲ್ಲಿ ಎಂದು ಕೇಳಬೇಕಾಗಲಿಲ್ಲ.

"ಮದುವೆ ಅಂತೆ?"

"ಹೂಂ. ಅಕ್ಕ ವರ್ಷದಿಂದ ಹಿಂದೆ ಬಿದ್ದಿದ್ಲು. ಹೋದ ತಿಂಗಳು ಒಪ್ಪಿಕೊಂಡೆ." ಸ್ವಲ್ಪ ತಡೆದು, "ಡಾಕ್ಟ್ರೇ, ಒಂದು ಕೇಳ್ತೀನಿ. ಇರುವೆ ಮೀಸೆನ ಒಂದೇ ಗೆರೇಲಿ ಬರೆಯೋಳು ನಾನು. ಈ ಕೈಗೆ ಮೌಸ್ ಜಾರುತ್ತೆ ಅಂತ ನಿಜವಾಗ್ಲೂ ನಂಬಿದ್ರಾ?"

ಅವನ ಬೆರಳು ನಿಂತಿತು.

"ನಾನೇ ತೆಗೆದು ಹಾಕ್ತಿದ್ದೆ, ಪ್ರತಿ ಸಲ." ಅವಳು ನಕ್ಕಳು, ಕಣ್ಣು ನಗಲಿಲ್ಲ. "ನೀವು ಲಾಕ್ ಹಾಕಿದಾಗ ಗೊತ್ತಾಯ್ತು, ನನ್ನ ಕಾಟ ಸಾಕಾಗಿದೆ ಅಂತ. ಬಾಯಿಬಿಟ್ಟು ಹೇಳದೆ ಹೇಳಿದ್ರಿ. ಒಳ್ಳೇದೇ ಆಯ್ತು."

ಅವಳು ಕಾದಳು. ಮೂಲೆಯ ಪ್ರಿಂಟರು ಒಂದು ಹಾಳೆ ಉಗುಳಿ ಸುಮ್ಮನಾಯಿತು.

"ಇದಕ್ಕೂ ಲಾಕ್ ಹಾಕಿಬಿಡಿ," ಎಂದಳು ಕಡೆಗೆ. "ಅಲ್ಲಿ ಕರೆಯೋಕೆ ಯಾರೂ ಇರಲ್ಲ."

ಅವನು ಲಾಕ್ ಹಾಕಿದ. ಅವಳು ಲ್ಯಾಪ್‌ಟಾಪ್ ಮುಚ್ಚಿ, ಎದೆಗವಚಿಕೊಂಡು ಹೊರಟಳು.

ಜನ ಅವಳನ್ನು ನೋಡಿ ನಗಬಾರದೆಂದೇ ಲಾಕ್ ಹಾಕಿದ್ದು ಎಂದು ಅವನು ಹೇಳಲಿಲ್ಲ. ಅವಳ ಫೋನಿಗಾಗಿ ದಿನವೂ ಕಾಯುತ್ತಿದ್ದೆ ಎಂದೂ ಹೇಳಲಿಲ್ಲ.